ನಾಗಕ್ಕನ ಬಲಗೈ

ನಮ್ಮ ಹಟ್ಟಿಯಲ್ಲಿ ನಾಗಕ್ಕನ ಏಟು ತಿನ್ನದೆ ಬೆಳೆದವರು ಯಾರೂ ಇಲ್ಲ. ಸೊಸೆಯರಾಗಿ ಬಂದವರಲ್ಲಿ ಒಂದಿಬ್ಬರು ತಪ್ಪಿಸಿಕೊಂಡಿರಬಹುದು, ಅದೂ ಅವರ ಪುಣ್ಯ. ಕೊಂಡ್ಲಹಳ್ಳಿ ದಾಟಿ ಒಳಗೆ ಹೋದರೆ ಜಾಲಿ ಗಿಡಗಳ ನಡುವೆ ಸಿಗುವ ಸಣ್ಣ ಹಟ್ಟಿ ನಮ್ಮದು. ಅಲ್ಲಿ ಮಕ್ಕಳು ತಪ್ಪು ಮಾಡಿದರೆ ಹೆತ್ತವರೇ ಹೊಡೆಯಬೇಕೆಂದೇನೂ ಇಲ್ಲ, ಹತ್ತಿರ ಇದ್ದವರು ಹೊಡೆಯುತ್ತಾರೆ. ಬಹಳ ಸಲ ಹತ್ತಿರ ಇರುತ್ತಿದ್ದವಳು ನಾಗಕ್ಕ.

ನಾನು ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೆ ಕೂತು ಕಾಲು ಒಳಗೆ ಇಳಿಬಿಟ್ಟಿದ್ದೆ. ಹಿಂದಿನಿಂದ ಬಂದು ಜುಟ್ಟು ಹಿಡಿದು ಎಳೆದು, ಬಲಗೈಯಲ್ಲಿ ಕೆನ್ನೆಗೆ ಕೊಟ್ಟಳು ನೋಡಿ, ನನ್ನ ಕಿವಿ ಸಂಜೆಯವರೆಗೂ ಗುಂಯ್ ಎನ್ನುತ್ತಿತ್ತು. ತುಟಿ ಒಡೆದು ಲಂಗದ ಮೇಲೆಲ್ಲ ರಕ್ತ. ಹಾಗೇ ದರದರ ಎಳೆದುಕೊಂಡು ಹೋಗಿ ತನ್ನ ಒಲೆಯ ಮುಂದೆ ಕೂರಿಸಿದಳು. ರಾಗಿಮುದ್ದೆ ಮುರಿದು ಸಾರಿಗೆ ಅದ್ದಿ ಅದೇ ಬಲಗೈಯಿಂದ ಬಾಯಿಗಿಟ್ಟು "ನುಂಗು" ಅಂದಳು. ಒಡೆದ ತುಟಿಗೆ ಖಾರ ತಾಗಿ ಜೀವ ಹೋದಂತಾದರೂ ನುಂಗಿದೆ. ಮನೆಗೆ ಓಡಿ ಬಂದು ಅವ್ವನಿಗೆ ದೂರು ಹೇಳಿದರೆ ಅವ್ವ ಕೇಳಿದ್ದು ಒಂದೇ ಮಾತು.

"ಉಣ್ಸಿದ್ಲಾ?"

"ಹ್ಞೂಂ."

"ಹಂಗಾರೆ ಮುಗೀತು ಬಿಡು."

ಇದು ನಮ್ಮ ಹಟ್ಟಿಯ ಕಟ್ಟು. ಮಗುವಿಗೆ ಹೊಡೆದವರು ಹೊತ್ತು ಮುಳುಗುವುದರೊಳಗೆ ಹೊಡೆದ ಕೈಯಿಂದಲೇ ಅದಕ್ಕೆ ಉಣಿಸಬೇಕು. ಉಣಿಸಿದರೆ ಅದು ಬುದ್ಧಿ ಕಲಿಸಿದ ಏಟು, ಇಲ್ಲದಿದ್ದರೆ ಹಗೆಯ ಏಟು. ಹಗೆಯ ಏಟು ಮಗುವಿನ ಮೈಯಲ್ಲೇ ಉಳಿದು ಬೆದರಾಗುತ್ತದೆ, ಅಂಥ ಮಗು ತುತ್ತು ಕಂಡರೂ ಹಿಂದೆ ಸರಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಬೇರೆಯವರು ಅರ್ಧ ನಂಬುತ್ತಿದ್ದರು, ಅರ್ಧ ಮರೆಯುತ್ತಿದ್ದರು. ನಾಗಕ್ಕ ಮಾತ್ರ ಅದನ್ನು ಬದುಕಿನ ಆಧಾರ ಮಾಡಿಕೊಂಡಿದ್ದಳು. ತಾನು ಕೆಟ್ಟವಳಲ್ಲ ಎನ್ನುವುದಕ್ಕೆ ಅವಳ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ಗಂಡ ಚಿಕ್ಕೀರಪ್ಪನಿಗೂ ಅದೇ ಕಟ್ಟು. ಅವನು ಒಮ್ಮೆ ಕುರಿ ಮಾರಿದ ದಿನ ಕುಡಿದು ಬಂದು ಹಸುಗೂಸಾಗಿದ್ದ ಮಗನನ್ನು ತುಳಿಯುವುದರಲ್ಲಿದ್ದ. ನಾಗಕ್ಕ ಒನಕೆ ತೆಗೆದುಕೊಂಡು ಹೊಡೆದಳು. ಮೊಣಕೈ ಮೂಳೆ ಮುರಿದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ. ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿ ಹೋದ ಮೇಲೆ ಹಟ್ಟಿಯವರೆಲ್ಲ ನೋಡುತ್ತಿದ್ದಂತೆ ಅವನ ತಲೆಯನ್ನು ತೊಡೆಗೆ ಆನಿಸಿಕೊಂಡು ಉಣಿಸಿದಳು. ಅವನು ಅಳುತ್ತಾ ಉಂಡ. ಅವನು ಸಾಯುವವರೆಗೂ ಆ ಕೈ ನೆಟ್ಟಗಾಗಲಿಲ್ಲ, ಮತ್ತೆ ಕುಡಿಯಲೂ ಇಲ್ಲ.

ಮಗ ನಾಗಭೂಷಣನನ್ನು ಶಾಲೆಯ ಮೇಷ್ಟ್ರು ಬೆತ್ತದಿಂದ ಬಾಸುಂಡೆ ಬರುವಂತೆ ಹೊಡೆದಾಗ ಊರೆಲ್ಲ ಹೆದರಿತ್ತು, ನಾಗಕ್ಕ ಮೇಷ್ಟ್ರ ತಲೆ ಒಡೆಯುತ್ತಾಳೆ ಅಂತ. ಅವಳು ಬುತ್ತಿ ಕಟ್ಟಿಕೊಂಡು ಶಾಲೆಗೆ ಹೋದಳು. "ನೀವು ಹೊಡೆದದ್ದು ಸರಿ ಸಾ. ಈಗ ಉಣ್ಸ್ರಿ" ಅಂದಳು. ಮೇಷ್ಟ್ರು ನಮ್ಮ ಕಡೆಯವರೇ, ಕೈ ತೊಳೆದುಕೊಂಡು ಬಂದು ಉಣಿಸಿದರು. ಆವತ್ತಿನಿಂದ ಅವಳಿಗೆ ಈ ಕಟ್ಟು ಹಟ್ಟಿಯದಷ್ಟೇ ಅಲ್ಲ, ಲೋಕದ್ದು ಎಂದು ಖಾತ್ರಿಯಾಯಿತು. ಆ ತಪ್ಪು ತಿಳಿವಳಿಕೆ ಎಲ್ಲಿಗೆ ಮುಟ್ಟಿತು ಅನ್ನುವುದನ್ನೇ ಈಗ ಹೇಳಲು ಹೊರಟಿದ್ದೇನೆ.

ನಾನು ಮದುವೆಯಾಗಿ ಚಳ್ಳಕೆರೆಗೆ ಬಂದವಳು. ಬಟ್ಟೆ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನಾಗಕ್ಕ ಸಂತೆಗೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಕೂತು ನೀರು ಕುಡಿದು ಹೋಗುತ್ತಾಳೆ. ಈಗ ಅರವತ್ತು ದಾಟಿದ್ದಾಳೆ. ಮಗ, ಸೊಸೆ ಸ್ವಪ್ನ ಕುರಿ ಹೊಡೆದುಕೊಂಡು ರಾಯದುರ್ಗದ ಕಡೆ ಹೋದರೆ ತಿಂಗಳುಗಟ್ಟಲೆ ವಾಪಸ್ಸಿಲ್ಲ. ಮೊಮ್ಮಕ್ಕಳಿಬ್ಬರೂ ಇವಳ ಕೊರಳಿಗೆ. ದೊಡ್ಡವಳು ದಿವ್ಯಾಗೆ ಐದು ವರ್ಷ, ಇನ್ನೂ ಮೂಗೊರೆಸಲು ಬಾರದ ಸಣ್ಣವನಿಗೆ ತಾತನ ಹೆಸರು, ಚಿಕ್ಕೀರ.

ಮಕ್ಕಳನ್ನು ಕಟ್ಟಿಕೊಂಡು ಸಂತೆ ಮಾಡುವುದರಲ್ಲಿ ನಾಗಕ್ಕನನ್ನು ಮೀರಿಸಿದವರಿಲ್ಲ. ಹೊರಡುವ ಮೊದಲು ಎರಡಕ್ಕೂ ಕಂಠಮಟ್ಟ ಉಣಿಸುತ್ತಾಳೆ. "ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು, ಯಾವ ಅಂಗಡಿ ಮುಂದೂ ಬಾಯಿ ಬಿಡಲ್ಲ" ಅನ್ನುತ್ತಾಳೆ. ಸಣ್ಣವನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಬೇಳೆ ತೂಗುವವನು ಮಕ್ಕಳ ಕೈಗೆ ನಾಲ್ಕು ಹುರಿಗಡಲೆ ಹಾಕುತ್ತಾನೆ, ಬೆಲ್ಲದವನು ಚೂರು ಬೆಲ್ಲ ಕೊಡುತ್ತಾನೆ. ಅದು ಕೊಸರು, ಕೇಳಬೇಕಾದ್ದೇ ಇಲ್ಲ. ಮಕ್ಕಳು ಅದನ್ನೇ ಚೀಪುತ್ತಾ ಬಸ್ ಸ್ಟ್ಯಾಂಡಿನವರೆಗೆ ಬರುತ್ತವೆ. ನಡುವೆ ಐಸ್‌ಕ್ಯಾಂಡಿಗೆ ರಚ್ಚೆ ಹಿಡಿದರೆ ಒಂದು ಏಟು, ಏಟಿನ ಹಿಂದೆಯೇ ಆ ಕೈಯಿಂದ ಒಂದು ಮೆಣಸಿನಕಾಯಿ ಬಜ್ಜಿ. ಪೇಟೆಯ ಹೆಂಗಸರು ಮಕ್ಕಳಿಗೆ ಮೊಬೈಲು ಕೊಟ್ಟು ಬಾಯಿ ಮುಚ್ಚಿಸುವುದನ್ನು ನೋಡಿ ನಾಗಕ್ಕ ನಗುತ್ತಿದ್ದಳು. ನನಗೆ ಅವಳ ಏಟೂ ಬೇಡ, ಇವರ ಮೊಬೈಲೂ ಬೇಡ ಅನ್ನಿಸುತ್ತಿತ್ತು.

ಈಚೆಗೆ ನನ್ನ ಅಂಗಡಿಯ ಎದುರಿಗೆ ಒಂದು ಮಾರ್ಟ್ ಬಂತು. ಬಾಗಿಲಿಗೆ ಬಲೂನು ಕಟ್ಟಿದ್ದರು. ದಿವ್ಯಾ ಅದನ್ನು ನೋಡಿದ್ದೇ ನೋಡಿದ್ದು, ಅಜ್ಜಿಯ ಸೀರೆ ಬಿಡಲಿಲ್ಲ. ಅಲ್ಲಿ ಎಣ್ಣೆ ಚೆನ್ನಾಗಿದೆಯಂತೆ ಎಂದು ನಾಗಕ್ಕನಿಗೂ ಯಾರೋ ಹೇಳಿದ್ದರು. ಶೇಂಗಾ ಎಣ್ಣೆಯ ಗಿರಣಿಗಳ ಊರಲ್ಲಿ ಎಣ್ಣೆಗೆ ಮಾರ್ಟಿಗೆ ಹೋಗುವ ಕರ್ಮ!

"ಗೀತಾ, ನೀನೂ ಬಾರೇ. ಅಲ್ಲೆಲ್ಲಾ ಬರ್ದಿರ್ತಾರಂತೆ, ನಂಗೆಲ್ಲಿ ಓದಾಕೆ ಬರ್ತೈತೆ" ಅಂದಳು. ಮಷೀನು ನಿಲ್ಲಿಸಿ ಎದ್ದೆ.

ಬಾಗಿಲಲ್ಲೇ ಕುರಿ ಕಾಯುವ ಕೋಲನ್ನೂ ಚೀಲವನ್ನೂ ಇಸಿದುಕೊಂಡರು. ಕೋಲು ಕೊಡುವಾಗ ನಾಗಕ್ಕ ಹಿಂದುಮುಂದು ನೋಡಿದಳು. ಈಗ ಯೋಚಿಸಿದರೆ ಕೋಲು ಹೊರಗೆ ಉಳಿದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಒಂದು ಹೆಣ ಬೀಳುತ್ತಿತ್ತು. ಒಳಗೆ ತಣ್ಣಗೆ ಏಸಿ. ಚಿಕ್ಕೀರನನ್ನು ಟ್ರಾಲಿಯಲ್ಲಿ ಕೂರಿಸಿದೆವು, ಅವನಿಗೆ ಸ್ವರ್ಗ ಸಿಕ್ಕಂತಾಯಿತು. ತೆರೆದ ಡಬ್ಬಗಳಲ್ಲಿ ಶೇಂಗಾ, ಹುರಿಗಡಲೆ, ಉತ್ತತ್ತಿ. ನಾಗಕ್ಕ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು "ಕಮಟು ಹೊಡಿತೈತೆ" ಎಂದು ಮುಖ ಕಿವುಚಿದಳು. ಹುರಿಗಡಲೆ ಚೆನ್ನಾಗಿತ್ತು. ಮಕ್ಕಳಿಗೂ ಒಂದೊಂದು ಹಿಡಿ ಕೊಟ್ಟಳು.

"ನಾಗಕ್ಕ, ಇಲ್ಲಿ ಹಂಗೆ ತಿನ್ನಂಗಿಲ್ಲ" ಎಂದು ಪಿಸುಗುಟ್ಟಿದೆ.

"ತಿನ್ನದೆ ಹೆಂಗೆ ತಗಳಾದು? ಹಲ್ಲು ನೋಡ್ದೆ ಕುರಿ ತಗಂತೀಯೇನೇ?"

ದಿವ್ಯಾ ಪಾಪ, ಅಜ್ಜಿಯನ್ನು ನೋಡಿ ಕಲಿತಳು. ಈ ಮಾರ್ಟಿನವರ ಬುದ್ಧಿಯನ್ನೂ ಹೇಳಬೇಕು. ದೊಡ್ಡವರಿಗೆ ಬೇಕಾದ ಬೇಳೆ, ಬೆಲ್ಲ ಮೇಲಿನ ಹಲಗೆಯಲ್ಲಿ. ಬಣ್ಣದ ಕುರುಕಲು ಪೊಟ್ಟಣಗಳು ಮಾತ್ರ ಸರಿಯಾಗಿ ಮಕ್ಕಳ ಮೂಗಿನ ಮಟ್ಟಕ್ಕೆ. ಎತ್ತಿನ ಮುಂದೆ ಮೇವು ಹರವಿ ಬಾಯಿಗೆ ಕುಕ್ಕೆ ಕಟ್ಟುವ ಕೆಲಸ. ನಾವು ಎಣ್ಣೆ ನೋಡುತ್ತಿರುವಾಗ ದಿವ್ಯಾ ಒಂದು ಪೊಟ್ಟಣವನ್ನು ಹಲ್ಲಿನಿಂದ ಹರಿದು, ಟ್ರಾಲಿಯ ಪಕ್ಕ ನೆಲದ ಮೇಲೆ ಕೂತು, ತಮ್ಮನಿಗೊಂದು ತನಗೊಂದು ಎಂದು ಹಂಚುತ್ತಿದ್ದಳು. ಕದಿಯುವ ಮಗು ಹಾಗೆ ನಡುದಾರಿಯಲ್ಲಿ ಕೂರುತ್ತದೆಯೇ?

ಮಾರಣ್ಣ ಎನ್ನುವವನು ಅಲ್ಲಿ ಕಾವಲಿಗಿದ್ದ. ಮೊಳಕಾಲ್ಮೂರಿನಿಂದಾಚೆ ಆಂಧ್ರದ ಗಡಿಯ ಹುಡುಗ, ಮೊದಲು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಗಟ್ಟಿಮುಟ್ಟಾದ ಆಳು. ಒಡೆದ ಪೊಟ್ಟಣ ಸಿಕ್ಕಿದರೆ ಮ್ಯಾನೇಜರನ ಬೈಗುಳವೆಲ್ಲ ಅವನ ತಲೆಗೆ. ಆವತ್ತು ಬೆಳಿಗ್ಗೆಯೂ ಎಲ್ಲರ ಮುಂದೆ ಬೈಸಿಕೊಂಡಿದ್ದನಂತೆ. ಆ ಸಿಟ್ಟನ್ನೆಲ್ಲ ಕೂಡಿಟ್ಟುಕೊಂಡಿದ್ದವನು ದಿವ್ಯಾಳ ಮೇಲೆ ಇಳಿಸಿದ. ಅಂಗೈ ಅಗಲಿಸಿ ಹೊಡೆದ ರಭಸಕ್ಕೆ ಮಗುವಿನ ತಲೆ ಕಬ್ಬಿಣದ ಹಲಗೆಯ ಅಂಚಿಗೆ ಬಡಿಯಿತು. ಹುಬ್ಬಿನ ಮೇಲೆ ಸೀಳಿ ರಕ್ತ ಕಣ್ಣಿಗೆ ಇಳಿಯಿತು. ದಿವ್ಯಾ ಅಳಲೇ ಇಲ್ಲ. ಅಳುವುದನ್ನೇ ಮರೆತಂತೆ ಬಾಯಿ ತೆರೆದುಕೊಂಡು ಕೂತಿತ್ತು ಆ ಕೂಸು.

ನಾಗಕ್ಕ ಬಂದಳು. ಸೆರಗಿನಿಂದ ಹುಬ್ಬು ಒತ್ತಿದಳು, ಹರಿದ ಪೊಟ್ಟಣ ನೋಡಿದಳು.

"ಯಾರು ಹೊಡ್ದಿದ್ದು?"

"ನಾನೇ. ಏಮ್ಮಾ, ಬುದ್ಧಿ ಲೇದಾ? ಮಕ್ಕಳನ್ನ ಹಿಡ್ಕಳಾಕಾಗಲ್ವಾ?" ಎಂದ ಮಾರಣ್ಣ. ಜಗಳಕ್ಕೆ ಎದೆ ಸೆಟೆಸಿ ನಿಂತಿದ್ದ.

"ಸರಿ ಮಾಡ್ದೆ" ಅಂದಳು ನಾಗಕ್ಕ. "ಕೇಳ್ದೆ ಹರಿದಿದ್ದು ಅದ್ರ ತಪ್ಪು. ಕೈ ಸ್ವಲ್ಪ ಜೋರಾತು, ಇರ್ಲಿ."

ಸುತ್ತ ಸೇರಿದ್ದವರಿಗೆ ಆಶ್ಚರ್ಯ. ಮಾರಣ್ಣ ಸೆಟೆಸಿದ್ದ ಎದೆ ಇಳಿಸಿದ. ನನಗೆ ಮಾತ್ರ ಮುಂದೇನಾಗುತ್ತದೆ ಎಂದು ಗೊತ್ತಾಯಿತು. ನಾಗಕ್ಕ ಪೊಟ್ಟಣದಿಂದ ಒಂದು ತುಂಡು ತೆಗೆದು ಅವನ ಕೈಯಲ್ಲಿಟ್ಟಳು.

"ಹ್ಞೂಂ, ಈಗ ಉಣ್ಸು."

"ಏನು?"

"ಹೊಡ್ದಿದ್ದೀಯಲ್ಲಪ್ಪ, ಉಣ್ಸು. ಹುಡುಗಿ ಬೆದರೈತೆ."

ಮಾರಣ್ಣ ನಕ್ಕ. ತನ್ನನ್ನು ಅಣಕಿಸುತ್ತಿದ್ದಾಳೆಂದುಕೊಂಡ. ನಾನು ನಡುವೆ ಹೋಗಿ "ನಾಗಕ್ಕ, ಅವ್ರಿಗೆ ನಮ್ ಕಟ್ಟು ಗೊತ್ತಿಲ್ಲ, ಬಾ ಹೋಗನ" ಎಂದು ತೋಳು ಹಿಡಿದೆ.

"ಗೊತ್ತಿಲ್ದೆ ಏನು? ಹೊಡಿಯಾಕೆ ಗೊತ್ತೈತಲ್ಲ" ಎಂದು ನನ್ನನ್ನು ಕೊಡವಿದಳು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಇಷ್ಟು ವರ್ಷದಲ್ಲಿ ನಾನು ಅವಳ ಮುಖದಲ್ಲಿ ಹೆದರಿಕೆ ಕಂಡದ್ದು ಆಗಲೇ. ಈ ಮನುಷ್ಯ ಉಣಿಸದೆ ಬಿಟ್ಟರೆ ಮೊಮ್ಮಗಳ ಮೈಯಲ್ಲಿ ಬೆದರು ಉಳಿದುಬಿಡುತ್ತದೆ, ಮುಂದೆ ಯಾರ ಕೈ ತುತ್ತನ್ನೂ ನಂಬುವುದಿಲ್ಲ ಅನ್ನುವುದು ಅವಳಿಗೆ ಬೆಂಕಿಯಷ್ಟೇ ನಿಜ. ಮಾರಣ್ಣನ ಮಣಿಕಟ್ಟು ಹಿಡಿದು ಮಗುವಿನ ಬಾಯಿಯ ಕಡೆ ಎಳೆದಳು. ಉಣ್ಣೆ ಕತ್ತರಿಸುವಾಗ ಟಗರನ್ನು ಮಿಸುಕದಂತೆ ಹಿಡಿಯುವ ಕೈ ಅದು. ಅವನು ಎಷ್ಟು ಕೊಸರಾಡಿದರೂ ಬಿಡಲಿಲ್ಲ.

ಅಲ್ಲಿದ್ದ ಹುಡುಗರು ಮೊಬೈಲು ತೆಗೆದು ವಿಡಿಯೋ ಮಾಡತೊಡಗಿದರು. ಒಬ್ಬನಾದರೂ ಬಿಡಿಸಲು ಬಂದನೇ? ಇಲ್ಲ. "ಅಜ್ಜಿ ಸೂಪರ್" ಎಂದು ಯಾರೋ ಕೂಗಿದ. ಮಾರಣ್ಣನ ಮಾನಕ್ಕೆ ಬಿತ್ತು. ಕೈಯಲ್ಲಿದ್ದ ತುಂಡನ್ನು ದಿವ್ಯಾಳ ಮುಖಕ್ಕೇ ಎಸೆದು, ಇನ್ನೊಂದು ಕೈಯಿಂದ ನಾಗಕ್ಕನ ಎದೆಗೆ ಗುದ್ದಿದ. ಮುದುಕಿ ಹಿಂದಕ್ಕೆ ಹೋಗಿ ಎಣ್ಣೆ ಪಾಕೀಟುಗಳ ಮೇಲೆ ಬಿದ್ದಳು. ಪಾಕೀಟುಗಳು ಒಡೆದು ನೆಲವೆಲ್ಲ ಎಣ್ಣೆಯಾಯಿತು. ಅವಳು ಏಳಲು ಹೋಗಿ ಜಾರಿದಳು. ಅವನು ಸೊಂಟಕ್ಕೆ ಒದ್ದ.

ನಾಗಕ್ಕ ಕೆಳಗೆ ಬಿದ್ದಲ್ಲಿಂದಲೇ ಅವನ ಕಾಲು ಹಿಡಿದು ಎಳೆದಳು. ಅವನು ಅಂಗಾತ ಬಿದ್ದ. ಅವನ ಎದೆಯ ಮೇಲೆ ಮಂಡಿಯೂರಿ, ಮೇಲಿನ ಹಲಗೆಯಿಂದ ಉರುಳಿ ಬಿದ್ದಿದ್ದ ಬೆಲ್ಲದ ಅಚ್ಚಿನಿಂದ ಬಾಯಿಗೆ ಕುಟ್ಟಿದಳು. ಒಂದು ಸಲವಲ್ಲ. ಪ್ರತಿ ಸಲವೂ "ಉಣ್ಸು, ಉಣ್ಸು" ಅನ್ನುತ್ತಿದ್ದಳು. ಹಲ್ಲು ಮುರಿದವು. ತುಟಿ ಸೀಳಿತು. ಬೆಲ್ಲ ಒಡೆದು ಪುಡಿಯಾದ ಮೇಲೆ ಬರಿಗೈಯಲ್ಲಿ ಹೊಡೆದಳು. ಅವನು ಹೊಡೆಯುವುದನ್ನು ಯಾವಾಗಲೋ ನಿಲ್ಲಿಸಿದ್ದ, ಇವಳು ನಿಲ್ಲಿಸಲಿಲ್ಲ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಅಲ್ಲಿ ಇಬ್ಬರೂ ಬಡವರು, ದವಡೆ ಮಾತ್ರ ಅವನದು. ನಾನೂ ಬಿಲ್ಲು ಮಾಡುವ ಇಬ್ಬರು ಹೆಣ್ಣುಮಕ್ಕಳೂ ಸೇರಿ ಅವಳನ್ನು ಎಳೆದು ಬೇರೆ ಮಾಡಿದೆವು. ನಾಗಕ್ಕ ನಮ್ಮ ಕಡೆಯವಳು ಎಂದು ನಾನು ಅವಳ ಪರ ವಹಿಸುವುದಿಲ್ಲ. ಕೊನೆಯ ನಾಲ್ಕು ಏಟು ದಿವ್ಯಾಗಾಗಿ ಹೊಡೆದದ್ದಲ್ಲ. ರುಚಿ ಹತ್ತಿ ಹೊಡೆದದ್ದು.

ಮಾರಣ್ಣನನ್ನು ಎತ್ತಿ ಅಕ್ಕಿ ಮೂಟೆಯ ಮೇಲೆ ಕೂರಿಸಿದರು. ಬಾಯಿಂದ ರಕ್ತ, ಎಣ್ಣೆಯಲ್ಲಿ ನೆನೆದ ಅಂಗಿ. ಮ್ಯಾನೇಜರು ಈಗ ತನ್ನ ಕೋಣೆಯಿಂದ ಹೊರಗೆ ಬಂದು "ಪೊಲೀಸ್ಗೆ ಫೋನ್ ಮಾಡ್ತೀನಿ, ಯಾರೂ ಹೋಗಂಗಿಲ್ಲ" ಎಂದು ಕೂಗಿದ. ಮಾಡು ಮಹರಾಯ, ನಿನ್ನ ಬೈಗುಳದಿಂದಲೇ ಶುರುವಾದದ್ದು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನಾಗಕ್ಕನಿಗೆ ಅವನ ಕೂಗು ಕೇಳಿಸುತ್ತಲೇ ಇರಲಿಲ್ಲ. ಏದುಸಿರು ಬಿಡುತ್ತಾ ಮಗುವನ್ನು ಹುಡುಕಿದಳು. ದಿವ್ಯಾ ನನ್ನ ಹಿಂದೆ ಸೀರೆ ಹಿಡಿದು ನಿಂತಿತ್ತು. "ಅವ್ನು ಉಣ್ಸದಿದ್ರೆ ಬಿಡವ್ವ, ನಾನ್ ಉಣ್ಸ್ತೀನಿ" ಎಂದು ಪೊಟ್ಟಣದಲ್ಲಿ ಉಳಿದಿದ್ದ ಒಂದು ತುಂಡನ್ನು ಹಿಡಿದು ಕೈ ಚಾಚಿದಳು. ಮಗು ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿಯಿತು.

"ತಿನ್ನವ್ವ."

"ಒಲ್ಲೆ. ನೀನು ಅವ್ನಿಗೆ ಹೊಡ್ದೆ. ಅವ್ನಿಗೆ ಉಣ್ಸ್ಲಿಲ್ಲ" ಅಂದಿತು ದಿವ್ಯಾ.

ಐದು ವರ್ಷದ ಕೂಸು. ಅದು ಯಾರಿಗೂ ಬುದ್ಧಿ ಹೇಳಲು ಹೊರಟಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಹೇಳಿತು ಅಷ್ಟೇ. ಹೊಡೆದ ಮೇಲೆ ಉಣಿಸದ ಅಜ್ಜಿಯನ್ನು ಅದು ನೋಡಿದ್ದು ಆವತ್ತೇ ಮೊದಲು. ಯಾವ ಬೆದರನ್ನು ತಪ್ಪಿಸಲು ನಾಗಕ್ಕ ಇಷ್ಟೆಲ್ಲ ಮಾಡಿದಳೋ ಆ ಬೆದರು ಅವಳ ಕೈ ಕಂಡೇ ಹುಟ್ಟಿತ್ತು. ನನಗೆ ಸಂಕಟವಾಯಿತು, ಇಬ್ಬರನ್ನೂ ನೋಡಿ.

ನಾಗಕ್ಕ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಹಲಗೆಯಿಂದ ಒಂದು ಮೆತ್ತನೆಯ ಬನ್ನು ತೆಗೆದಳು. ಮುರಿದ ಹಲ್ಲಿಗೆ ಗಟ್ಟಿಯದು ಆಗುವುದಿಲ್ಲ ಎನ್ನುವ ಜ್ಞಾನ ಆ ಹೊತ್ತಿನಲ್ಲೂ ಇತ್ತು. ಅದನ್ನು ಎರಡು ಹೋಳು ಮಾಡಿ, ಕುಂಟುತ್ತಾ ಹೋಗಿ ಮಾರಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬಾಯಿ ಬಿಡಪ್ಪ" ಎಂದು ತುತ್ತು ಎತ್ತಿದಳು.

ಕೈ ಮೇಲೆದ್ದದ್ದೇ ತಡ, ಅಷ್ಟು ದೊಡ್ಡ ಆಳು ಎರಡೂ ಮೊಣಕೈ ಮುಖಕ್ಕೆ ಅಡ್ಡ ಹಿಡಿದು ಮೂಟೆಯ ಮೇಲೆ ಮುದುಡಿಕೊಂಡ. "ಬ್ಯಾಡಮ್ಮ, ಹೊಡಿಬ್ಯಾಡ, ಹೊಡಿಬ್ಯಾಡ" ಎಂದು ಅತ್ತ.

ನಾಗಕ್ಕನ ಕೈ ಗಾಳಿಯಲ್ಲೇ ನಿಂತಿತು. ಅವನನ್ನು ನೋಡಿದಳು. ತಿರುಗಿ ದಿವ್ಯಾಳನ್ನು ನೋಡಿದಳು. ಮಗು ಇನ್ನೂ ಮೊಣಕೈ ಇಳಿಸಿರಲಿಲ್ಲ. ಜೀವನಪೂರ್ತಿ ಅವಳು ತುತ್ತು ಕೊಡುವಾಗ ತುತ್ತನ್ನೇ ನೋಡಿದವಳು, ಮುಖ ನೋಡಿದವಳಲ್ಲ.

"ಗೀತಾ" ಎಂದು ಕರೆದಳು. "ಎಲ್ರೂ ಹಿಂಗೇ ಮಾಡ್ತಿದ್ರೇನೇ?"

ಸುಳ್ಳು ಹೇಳಬಹುದಿತ್ತು. ಮನಸ್ಸು ಬರಲಿಲ್ಲ.

"ಹ್ಞೂಂ ನಾಗಕ್ಕ. ಎಲ್ರೂ."

"ನೀನೂ?"

"ನಾನೂ."

"ಅವ್ರೂ?"

ಗಂಡನ ಹೆಸರು ಹಿಡಿಯುವವಳಲ್ಲ ಅವಳು. ಬಿದಿರು ದಬ್ಬೆ ಕಟ್ಟಿದ ಕೈಯನ್ನೇ ಚಿಕ್ಕೀರಪ್ಪ ಮುಖಕ್ಕೆ ಅಡ್ಡ ತಂದಿದ್ದನೆಂದು ನನ್ನ ಅವ್ವ ಹೇಳಿದ್ದಳು. ಅದನ್ನು ನಾನು ಹೇಳಲಿಲ್ಲ. ತಲೆ ತಗ್ಗಿಸಿದೆ, ಅವಳಿಗೆ ಅಷ್ಟೇ ಸಾಕಾಯಿತು.

ಬನ್ನಿನ ಒಂದು ಹೋಳನ್ನು ಮೂಟೆಯ ಮೇಲೆ, ಮಾರಣ್ಣನ ಪಕ್ಕದಲ್ಲಿಟ್ಟಳು. ಇನ್ನೊಂದನ್ನು ದಿವ್ಯಾಳ ಪಕ್ಕದ ಟ್ರಾಲಿಯ ಅಂಚಿಗೆ ಇಟ್ಟಳು. "ತಿನ್ರಪ್ಪ, ನಿಮ್ ಕೈಯಾಗೇ ತಿನ್ರಿ. ನಾನು ಈ ಕಡೆ ನೋಡಲ್ಲ" ಎಂದು ಗೋಡೆಯ ಕಡೆ ತಿರುಗಿ ನಿಂತುಕೊಂಡಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಹೊರಗೆ ಪೊಲೀಸ್ ಜೀಪು ಬಂದು ನಿಂತ ಸದ್ದಾಯಿತು. ದಿವ್ಯಾ ಅಜ್ಜಿಯ ಬೆನ್ನನ್ನೇ ನೋಡುತ್ತಾ, ನಿಧಾನಕ್ಕೆ ಕೈ ಚಾಚಿ ಬನ್ನು ತೆಗೆದುಕೊಂಡಳು.